ಬಟ್ಟಲ ದಾಳಿಂಬೆಯ ಮೂರು ಕಾಯಿ

ಹೈದರಾಬಾದಿನ ಕಾಲೇಜು ಮುಗಿಸಿ ಜೇವರ್ಗಿಗೆ ಮರಳುವಾಗ ನಾನು ತಂದ ಸಾಮಾನಿನಲ್ಲಿ ಅವ್ವನಿಗೆ ಸರಿಬರದಿದ್ದದ್ದು ಒಂದೇ: ಅಗಲ ಬಾಯಿಯ ಮಣ್ಣಿನ ಬಟ್ಟಲಲ್ಲಿದ್ದ ಗೇಣುದ್ದದ ದಾಳಿಂಬೆ ಗಿಡ. ಜಪಾನಿನವರು ಮರಗಳನ್ನು ಹೀಗೆ ಕುಳ್ಳಾಗಿ ಬೆಳೆಸುತ್ತಾರೆಂದು ನಮ್ಮ ಸಸ್ಯಶಾಸ್ತ್ರದ ಅಧ್ಯಾಪಕಿ ತೋರಿಸಿಕೊಟ್ಟಿದ್ದರು. ನಾಲ್ಕು ವರ್ಷ ಚಿಗುರು ಚಿವುಟಿ, ಬೇರು ಕತ್ತರಿಸಿ ಬೆಳೆಸಿದ್ದೆ. ಕಾಂಡ ಇನ್ನೂ ಕಿರುಬೆರಳಿನಷ್ಟೇ ಇತ್ತು. ಎಡಕ್ಕೆ ಬಾಗಿದ ಕೆಳಗಿನ ಟೊಂಗೆಯೊಂದು ಮಾತ್ರ ನಾನು ಬಯಸಿದಂತೆ ಬಂದಿತ್ತು. ಅದು ದಪ್ಪವಾದರೆ ಗಿಡಕ್ಕೆ ಮರದ ರೂಪ ಬರುತ್ತಿತ್ತು.

ಆ ವರ್ಷ ಅದೇ ಟೊಂಗೆಗೆ ಮೂರು ಕಾಯಿ ಕಟ್ಟಿದವು. ಬಟ್ಟಲಲ್ಲಿ ಎಲೆ ಸಣ್ಣದಾಗುತ್ತದೆ, ಕಾಯಿ ಮಾತ್ರ ಸಣ್ಣದಾಗುವುದಿಲ್ಲ. ನೆಲ್ಲಿಕಾಯಿಯಷ್ಟಿರುವಾಗಲೇ ತೆಗೆಯದಿದ್ದರೆ ಗಿಡದ ಕಸುವನ್ನೆಲ್ಲ ಅವೇ ಹೀರುತ್ತವೆ. ಕತ್ತರಿ ಹಿಡಿದು ಕೂತೆ.

“ಏನ್ ಮಾಡಾಕತ್ತಿ ಬೇ?” ಅವ್ವ ಅಡಿಗೆಮನೆಯಿಂದಲೇ ಕೂಗಿದಳು. “ಮನ್ಯಾಗ ಬಸುರಿ ಅದಾಳ. ಎಳೆಗಾಯಿ ಕೀಳ್ತೀಯೇನ?”

ಅಣ್ಣನ ಹೆಂಡತಿ, ನನ್ನ ವೈನಿಗೆ, ಆಗ ನಾಲ್ಕು ತಿಂಗಳು. ಹಿಂದೊಮ್ಮೆ ಬಸಿರು ಕಳೆದುಕೊಂಡಿದ್ದಳು. ಬಸುರಿ ಇರುವ ಮನೆಯಲ್ಲಿ ಎಳೆಗಾಯಿ ಕೀಳಬಾರದೆಂಬ ನೇಮವನ್ನು ಅವ್ವ ಎಂದೂ ಮೀರಿದವಳಲ್ಲ.

“ಕಾಯಿ ಬಿಟ್ರ ಟೊಂಗಿ ಸಾಯ್ತದವ್ವಾ.”

“ಸತ್ರ ಟೊಂಗಿ ಅಷ್ಟ ಸಾಯ್ತದ. ಬಿ.ಎಸ್ಸಿ. ಓದಿದಾಕಿಗೆ ಇಷ್ಟೂ ತಿಳಿಯಂಗಿಲ್ಲ?”

ಅಷ್ಟಕ್ಕೇ ಬಿಡಲಿಲ್ಲ. ದಿನಾ ಅಕ್ಕಿ ತೊಳೆದ ನೀರು, ವಾರಕ್ಕೊಮ್ಮೆ ಸಗಣಿಗೊಬ್ಬರ ಹಾಕತೊಡಗಿದಳು. ಕಾಂಡ ದಪ್ಪವಾಗಲಿಲ್ಲ, ಉದ್ದುದ್ದ ಚಿಗುರು ಎದ್ದವು. ನಾನು ಬೆಳಿಗ್ಗೆ ಚಿವುಟಿದರೆ ಅವಳು ಮಧ್ಯಾಹ್ನ ಗೊಬ್ಬರ ಸುರಿಯುತ್ತಿದ್ದಳು.

“ಉಪವಾಸ ಕೆಡವಿ ಗಿಡ ಸಾಕ್ತಾರೇನ? ನೋಡಿದವ್ರು ಈ ಮನ್ಯಾಗ ಉಣ್ಣಾಕಿಲ್ಲ ಅಂತಾರ.”

ಬಸುರಿಗೆ ಸೀಮಂತದಂತೆ ಮಾಡುವ ಐದನೆಯ ತಿಂಗಳ ಕುಬಸಕ್ಕೆ ನೆಲೋಗಿಯಿಂದ ಸೋದರತ್ತೆ ಬಂದಳು. ವೈನಿಯನ್ನು ಮಣೆಯ ಮೇಲೆ ಕೂಡಿಸಿ, ಬಟ್ಟಲನ್ನು ಪಕ್ಕಕ್ಕೇ ತಂದಿಟ್ಟಳು. “ಮೂರ್ ಕಾಯಿ! ಮೂರ್ ಮಕ್ಕಳು ಅಂತ ಗಿಡಾನೇ ಹೇಳಾಕತ್ತದ ನೋಡ್ರಿ!”

“ಮೊದಲ ಒಂದಾಗ್ಲಿ ತಡೀರಿ,” ಎಂದಳು ವೈನಿ. ಹೆಂಗಸರೆಲ್ಲ ನಕ್ಕರು. ಒಬ್ಬೊಬ್ಬರಾಗಿ ಟೊಂಗೆ ಎತ್ತಿ ನೋಡಿದರು, ಅರಿಷಿಣ ಹಚ್ಚಿದರು. ನಾನು ಬಾಗಿಲಲ್ಲಿ ನಿಂತು, ಉದುರುವ ಎಲೆಗಳನ್ನು ನೋಡುತ್ತಿದ್ದೆ.

ಮರುದಿನ ಅವ್ವ ಸೋದರತ್ತೆಯನ್ನು ಬಸ್ಸಿಗೆ ಹತ್ತಿಸಲು ಹೋದಾಗ ಮತ್ತೆ ಕತ್ತರಿ ತೆಗೆದೆ. ವೈನಿ ನೋಡಿಬಿಟ್ಟಳು.

“ತಗೀರಿ,” ಎಂದಳು. “ಅತ್ತಿಯವ್ರಿಗೆ ನಾ ಹೇಳಂಗಿಲ್ಲ.” ಒಳಗೆ ಹೋಗುತ್ತ ಅಂದಳು, “ಆದ್ರ ನನಗ ನಿದ್ದಿ ಬರಂಗಿಲ್ಲ.”

ಗಿಡದ ಕಾಯಿಗೂ ಅವಳ ಕೂಸಿಗೂ ಸಂಬಂಧವಿಲ್ಲವೆಂದು ಹೇಳಬಹುದಿತ್ತು. ಅದು ಅವಳಿಗೂ ಗೊತ್ತಿತ್ತೆಂದು ತೋರುತ್ತದೆ. ಕತ್ತರಿಯನ್ನು ಪೆಟ್ಟಿಗೆಗೆ ಹಾಕಿದೆ. ಸಿಟ್ಟು ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ.

ವೈನಿ ಕೊಳಕೂರದ ತವರಿಗೆ ಹೋಗುವಷ್ಟರಲ್ಲಿ ಕಾಯಿ ನಿಂಬೆಹಣ್ಣನ್ನು ಮೀರಿದ್ದವು. ಇನ್ನು ಕಿತ್ತರೂ ಉಪಯೋಗವಿರಲಿಲ್ಲ. ಟೊಂಗೆ ತುದಿಯಿಂದ ಒಣಗುತ್ತ ಬಂತು. ಹೆಣ್ಣು ಹುಟ್ಟಿ ತಾಯಿ–ಮಗು ಆರಾಮಿದ್ದಾರೆಂಬ ಸುದ್ದಿ ಬಂದ ದಿನ ಅವ್ವ, “ಕಾಯಿ ಕೀಳ್ದ ಬಿಟ್ಟಿದ್ದಕ್ಕ ಎಲ್ಲಾ ಛಲೋ ಆತು ನೋಡು,” ಎಂದಳು. ನಾನು ಸತ್ತ ಟೊಂಗೆಯನ್ನು ಬುಡಕ್ಕೆ ಕತ್ತರಿಸಿ ಗಾಯಕ್ಕೆ ಮಣ್ಣು ಮೆತ್ತಿದೆ. ಎರಡು ಬೇಸಿಗೆ ಕಳೆದರೂ ಆ ಬದಿಯಲ್ಲಿ ಒಂದು ಚಿಗುರೂ ಒಡೆದಿಲ್ಲ.