ಮಲಗು ಸೈಕಲ್ಲಿನ ನೀರು

ಮೊನ್ನೆ ಬಳ್ಳಾರಿಯ ಪೇಟೆಯಲ್ಲಿ ಟಾರ್ಪಾಲಿನ್ ಮಾರುವ ಅಂಗಡಿಯ ಮುಂದೆ ಹಾಯುವಾಗ ಒದ್ದೆ ಕ್ಯಾನ್ವಾಸಿನ ವಾಸನೆ ಬಂತು. ನಿಂತುಬಿಟ್ಟೆ. ನಿಮಗೆ ಅದು ಬರೀ ವಾಸನೆ. ನನಗೆ ಅದು ಎಪ್ಪತ್ತರ ದಶಕದ ಕುರುಗೋಡು, ನಮ್ಮ ಯಜಮಾನರ ನೋಯುವ ಬೆನ್ನು.

ನಮ್ಮವರು ಅಲ್ಲಿ ಶಾಲೆಯ ಮೇಷ್ಟ್ರು. ಮದುವೆಯ ಮರುವರ್ಷ ಬಸ್ಸಿನ ಟಾಪಿನಿಂದ ಬಿದ್ದರು. ಆಮೇಲೆ ನೆಟ್ಟಗೆ ಕೂರುವುದೂ ಕಷ್ಟ, ಬಸ್ಸಿನ ಕುಲುಕಾಟವಂತೂ ಆಗದು. ಬಳ್ಳಾರಿಯ ಕೌಲ್‌ಬಜಾರಿನಲ್ಲಿ ವೆಲ್ಡಿಂಗ್ ಮಾಡುವ ಖಾದರ್ ಸಾಬರು ಸೈಕಲ್ಲಿಗೆ ಆರಾಮಕುರ್ಚಿಯ ಚೌಕಟ್ಟು ಬೆಸೆದು, ಪೆಡಲನ್ನು ಮುಂದಕ್ಕೆ ತಂದು, ಒರಗಿಕೊಂಡೇ ತುಳಿಯುವ ಹಾಗೆ ಮಾಡಿಕೊಟ್ಟರು. ಮೇಷ್ಟ್ರು ನಿದ್ದೆ ಮಾಡುತ್ತಲೇ ಸಾಲಿಗೆ ಹೊರಟರು ಎಂದು ಊರು ನಗುತ್ತಿತ್ತು.

ಆದರೆ ಅವರಿಗೆ ಆ ಸೈಕಲ್ ಬೇಕಿದ್ದದ್ದು ಸಿರುಗುಪ್ಪಕ್ಕೆ ಹೋಗಲು. ತಾಯಿಯಿಲ್ಲದ ಅವರನ್ನು ಸಾಕಿದ ಅಕ್ಕ ಅಲ್ಲಿದ್ದರು. ಇವರದು ಲಿಂಗಾಯತರ ಮನೆತನ, ನಾನು ತೆಲುಗು ಮಾತಿನ ಬೇರೆ ಜಾತಿಯವಳು. ಮದುವೆಯಾದಾಗ ಅಕ್ಕ, ನೀನು ಬೇಕಾದರೆ ಬಾ, ಆಕೆ ನನ್ನ ಹೊಸ್ತಿಲು ತುಳಿಯಬಾರದು ಎಂದಿದ್ದರು. ತಮ್ಮನ ಹಟವೇನು ಕಡಿಮೆಯೇ?

"ಆಕಿ ಬರೂತನಕ ನಿನ್ನ ಮನ್ಯಾಗ ನೀರು ಸೈತ ಮುಟ್ಟಂಗಿಲ್ಲ" ಎಂದುಬಿಟ್ಟರು.

ಹಾಗಂತ ಅಕ್ಕನನ್ನು ನೋಡದೆ ಇರಲೂ ಆಗದು. ಬಿಡುವಾದ ಭಾನುವಾರ ಹೋಗಿ, ಅವರ ಕಟ್ಟೆಯ ಮೇಲೆ ಒರಗಿ ಮಾತಾಡಿ, ತಾವು ಒಯ್ದ ನೀರನ್ನೇ ಕುಡಿದು ಬರುತ್ತಿದ್ದರು.

ಹೋಗಲು, ಬರಲು, ಅಲ್ಲಿ ಜಂಬದಿಂದ ಕುಡಿಯಲು ಸಾಲುವಷ್ಟು ನೀರು ಹೊರಿಸುವ ಕೆಲಸ ನನ್ನ ಪಾಲಿಗೆ ಬಂತು. ದಾರಿಯಲ್ಲಿ ಇಳಿದು ಕುಡಿಯುವಂತಿಲ್ಲ; ಆ ತಗ್ಗು ಸೈಕಲ್ಲಿನಿಂದ ಇಳಿದರೆ ಮತ್ತೆ ಹತ್ತಿಸಲು ಇನ್ನೊಬ್ಬರು ಬೇಕು. ಹ್ಯಾಂಡಲಿಗೆ ತಂಬಿಗೆ ಕಟ್ಟಿದೆ. ಊರು ದಾಟುವುದರೊಳಗೆ ನೀರೆಲ್ಲ ಅವರ ಅಂಗಿಯ ಮೇಲಿತ್ತು. ಒಂದು ಪಕ್ಕಕ್ಕೆ ಬಾಟಲಿ ತೂಗುಹಾಕಿದೆ. ಸೈಕಲ್ ವಾಲಿ ಭತ್ತದ ಗದ್ದೆಗೆ ಇಳಿಯಿತು. ಕೊನೆಗೆ ಲಾರಿಯವರು ಇಟ್ಟುಕೊಳ್ಳುವಂಥ ಕ್ಯಾನ್ವಾಸ್ ಚೀಲ ಹೊಲಿದು, ಕುರ್ಚಿಯ ಬೆನ್ನಿಗೆ ಕಟ್ಟಿ, ಅದರಿಂದ ಬಾಯಿಗೆ ರಬ್ಬರ್ ನಳಿಕೆ ಎಳೆದೆ. ಮಲಗಿದಲ್ಲೇ ತಣ್ಣನೆಯ ನೀರು. ಒಂದು ವಾರ ನೆರೆಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆ ಚೀಲ ಕಟ್ಟಿಕೊಂಡು ಹೊರಟ ಮೊದಲ ಸಲವೇ ದೇಶನೂರಿನ ಹತ್ತಿರ ಚೈನು ತುಂಡಾಯಿತು. ಇವರು ಬೇವಿನ ಮರಕ್ಕೆ ಆನಿಸಿದ ಸೈಕಲ್ಲಿನ ಮೇಲೇ ಕಣ್ಣು ಮುಚ್ಚಿ, ನಳಿಕೆ ಬಾಯಲ್ಲಿಟ್ಟುಕೊಂಡು, ಯಾವುದಾದರೂ ಟ್ರ್ಯಾಕ್ಟರ್ ಬರಲೆಂದು ಕಾಯುತ್ತಿದ್ದರು. ಹಚ್ಚೊಳ್ಳಿಯ ಪರಿಚಯದವರೊಬ್ಬರು ಬಸ್ಸಿನ ಕಿಟಕಿಯಿಂದ ಇದನ್ನು ಕಂಡು, ಸಿರುಗುಪ್ಪದಲ್ಲಿ ಇಳಿದವರೇ ಅಕ್ಕನಿಗೆ ಸುದ್ದಿ ಮುಟ್ಟಿಸಿದರು: "ನಿಮ್ಮ ತಮ್ಮಗ ದಾರ್ಯಾಗ ಮಲಗಿಸಿ ಗ್ಲುಕೋಸ್ ಹಚ್ಯಾರ್ರಿ."

ಅಕ್ಕ ಸಿಕ್ಕ ಬಸ್ಸು ಹತ್ತಿದರು. ಬೇವಿನ ಕೆಳಗೆ ಯಾರೂ ಇರಲಿಲ್ಲ. ಇವರನ್ನು ಹತ್ತಿಸಿಕೊಂಡ ಟ್ರ್ಯಾಕ್ಟರ್ ಕುರುಗೋಡಿನ ಕಡೆಗೆ ಕಾಲುವೆ ದಂಡೆಯ ದಾರಿ ಹಿಡಿದಿತ್ತು. ಅಕ್ಕ ನೇರ ಕುರುಗೋಡಿಗೆ ಬಂದರು.

ಬಾಗಿಲಲ್ಲಿ ನಿಂತ ಹೆಂಗಸನ್ನು ನಾನು ಎಂದೂ ನೋಡಿರಲಿಲ್ಲ. ಇವರದೇ ಮೂಗು ಕಂಡು ಗುರುತಾಯಿತು. ತಮ್ಮ ಬಂದನೇ ಎಂದರು. ಇಲ್ಲವೆಂದೆ. ಗ್ಲುಕೋಸಿನ ಮಾತು ಹೇಳಿದರು, ನಾನೂ ನಂಬಿಬಿಟ್ಟೆ. ನಾನೇ ಎಳೆದ ನಳಿಕೆ ನೆನಪಾಗುವಷ್ಟು ಬುದ್ಧಿ ಆಗ ಎಲ್ಲಿತ್ತು? ಅಕ್ಕ ಹೊಸ್ತಿಲ ಮೇಲೇ ಕುಸಿದು ಕೂತರು. ನೀರು ಕೊಟ್ಟೆ. ಯಾರ ಮನೆಯದೆಂದು ನೋಡದೆ ಕುಡಿದು, ಲೋಟ ಕೊಡುವಾಗ ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ಹಾಗೇ ದಾರಿ ನೋಡುತ್ತ ಕೂತೆವು.

ಬಿಸಿಲು ಇಳಿಯುವಾಗ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ, ಸೈಕಲ್ಲಿನ ಮೇಲೆ ಒರಗಿಕೊಂಡೇ ಇವರು ಬಂದರು. ಒಂದೇ ಹೊಸ್ತಿಲಲ್ಲಿ ನಮ್ಮಿಬ್ಬರನ್ನೂ ಕಂಡು ಬಾಯಿಂದ ನಳಿಕೆ ತೆಗೆದರು. ಅಕ್ಕ ಚೀಲ ನೋಡಿದರು, ನಳಿಕೆ ನೋಡಿದರು. ತಮ್ಮನಿಗೆ ಅಂದರು: "ಇನ್ಮ್ಯಾಲ ನಮ್ಮನಿಗೆ ನೀರು ಹೊತ್ಕೊಂಡು ಬರಬ್ಯಾಡಲೇ. ಇಕೀನ ಕರಕೊಂಡು ಬಾ."

ಈಗ ಇವರೂ ಇಲ್ಲ, ಅಕ್ಕನೂ ಇಲ್ಲ. ಸಿರುಗುಪ್ಪದ ಆ ಮನೆಯಲ್ಲಿ ಅಕ್ಕನ ಸೊಸೆ ಇದ್ದಾಳೆ. ಅವಳೂ ನಾನೂ ಯಾವುದೋ ಸಣ್ಣ ಮಾತಿಗೆ ಮುನಿಸಿಕೊಂಡು ಬಹಳ ದಿನವಾಯಿತು. ಮೊನ್ನೆ ಪೇಟೆಯಿಂದ ಬಂದವಳೇ ಫೋನ್ ಮಾಡಿದೆ. "ಬರ್ರಿ ಅತ್ತೆ, ಅಡಿಗಿ ಮಾಡಿಟ್ಟಿರ್ತೀನಿ" ಎಂದಳು.