ಬಾಯಿಬಿಟ್ಟು ಹೇಳಬಾರದ ಜ್ವರ

ಅಥವಾ ಜ್ವರ ಬರುವ ದಿನವನ್ನು ಡಾಕ್ಟರಿಗೆ ಮೊದಲೇ ಹೇಳಿದ್ದು ನಾನಲ್ಲವೇನೋ. ತುಮಕೂರಿನ ಆ ಗಂಟಲಿನ ಡಾಕ್ಟರ ಎದುರು, ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ನಿಜ. ಆದರೆ ಆಗ ನನಗೆ ಅಷ್ಟು ಧೈರ್ಯವಿತ್ತೆಂದು ನಂಬಲಾರೆ. ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಜ್ವರದ ಬಗ್ಗೆ ಮಾತ್ರ ಅನುಮಾನವಿಲ್ಲ. ತೊಂಬತ್ತರ ದಶಕದ ಕೊನೆ, ನಿಟ್ಟೂರಿನ ನನ್ನ ಗಂಡನ ಮನೆ. ತಿಂಗಳಿಗೊಮ್ಮೆ, ತಪ್ಪದೆ, ಮಗುವಿನ ಮೈ ಕಾದ ಹೆಂಚಾಗುತ್ತಿತ್ತು. ಬಾಯಲ್ಲಿ ಹುಣ್ಣು, ಕತ್ತಿನಲ್ಲಿ ಗಂಟು. ಗುಬ್ಬಿಯ ಡಾಕ್ಟರು ಒಮ್ಮೆ ಟೈಫಾಯ್ಡ್ ಅಂದರು, ಒಮ್ಮೆ ನೀರಿನ ದೋಷ ಅಂದರು, ಪ್ರತಿ ಸಲ ಇಂಜೆಕ್ಷನ್ ಕೊಟ್ಟರು. ಕೆಲವು ದಿನಕ್ಕೆ ಜ್ವರ ತಾನಾಗಿ ಇಳಿಯುತ್ತಿತ್ತು, ಹೆಸರು ಇಂಜೆಕ್ಷನ್ನಿಗೆ. ಏರಿದ್ದು ಮಾತ್ರ ನನ್ನಿಂದ: ಮೊಸರು ಕೊಟ್ಟೆ, ತಲೆಗೆ ನೀರು ಹಾಕಿದೆ ಅಂತ.

ಕುಣಿಗಲ್ಲಿನ ನನ್ನ ಅಣ್ಣನ ಗೃಹಪ್ರವೇಶದ ಮಾತು ಬಂದಾಗ, ದಿನ ಎಣಿಸಿ, "ಆ ವಾರ ಇವಳಿಗೆ ಜ್ವರ ಬರುತ್ತೆ" ಅಂದೆ. ಬಂತು.

"ಹೆತ್ತೋಳೇ ಬಾಯ್ತುಂಬ ಕರುದ್ರೆ ಬರ್ದೆ ಇರ್ತದೇನೇ?" ಅಂದರು ಅತ್ತೆ. "ಇನ್ಮೇಲೆ ಬಾಯಿ ಮುಚ್ಕೊಂಡಿರು."

"ಬುಡವ್ವ" ಅಂದರು ಗಂಡ. ಅಂದಿನಿಂದ ಡಾಕ್ಟರ ಮುಂದೆ ಮಾತಾಡಿದ್ದು ಅವರೇ. "ಆವಾಗಾವಾಗ ಬರ್ತದೆ ಸಾರ್." ಆ 'ಆವಾಗಾವಾಗ' ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಜ್ವರ ಲೆಕ್ಕ ತಪ್ಪದೆ ಬರುತ್ತದೆ ಎಂಬ, ಹೇಳಲೇಬೇಕಾಗಿದ್ದ ಒಂದು ವಿಷಯವನ್ನು ಅಪಶಕುನವೆಂದು ಮುಚ್ಚಿಟ್ಟು, ಮಗುವಿಗೆ ಸೂಜಿ ಚುಚ್ಚಿಸುತ್ತ ಹೋದೆವು.

ತುಮಕೂರಿನ ಡಾಕ್ಟರು ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ, ನನ್ನ ಗಂಡನಿಗೆ, "ನೀವು ಸುಮ್ನಿರಿ, ತಾಯಿ ಹೇಳ್ಲಿ" ಅಂದರು.

"ಬರೋ ಸೋಮವಾರ ಬರುತ್ತೆ. ನಮ್ಮನೇಲಿ ಇದನ್ನ ಹೇಳಂಗಿಲ್ಲ."

"ಬಂದ್ರೆ ಇಲ್ಲಿಗೇ ಕರ್ಕೊಂಬನ್ನಿ. ನಾನೂ ನೋಡ್ತೀನಿ."

ಬಂತು. ಹೀಗೆ ದಿನ ತಪ್ಪದೆ ಬರುವುದು ಇಂಜೆಕ್ಷನ್ನಿಗೆ ಬಗ್ಗುವ ಜ್ವರವಲ್ಲ, ಟಾನ್ಸಿಲ್ ತೆಗೆದರೆ ಕೆಲವು ಮಕ್ಕಳಲ್ಲಿ ನಿಲ್ಲುತ್ತದೆ, ಖಾತ್ರಿ ಕೊಡಲಾರೆ ಅಂದರು.

"ಗಂಟ್ಲು ಕುಯ್ಸಿ ಮೂಗಿ ಮಾಡ್ತೀಯೇನೇ?" ಅಂದರು ಅತ್ತೆ. ನಾನು ಮಗುವಿನ ಬಟ್ಟೆ ಚೀಲಕ್ಕೆ ತುಂಬಿದೆ.

ಆಪರೇಷನ್ ಆದ ಮೇಲೆ ಜ್ವರ ಬರಲಿಲ್ಲ. ಆ ತಿಂಗಳಷ್ಟೇ ಅಲ್ಲ, ಮತ್ತೆ ಎಂದೂ. ಮಗಳ ದನಿಗೂ ಏನೂ ಆಗಲಿಲ್ಲ. ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು: "ಅವಳ ಬಾಯಿ ಮುಚ್ಸಿದ್ದು ನಾನು. ಅದಕ್ಕೇ ನಿಂತೋಯ್ತು ಕಣೇ."

ಆ ಸಿಟ್ಟು ಇನ್ನೂ ಆರಿಲ್ಲ. ಆದರೆ ಎಷ್ಟೋ ವರ್ಷದ ಮೇಲೆ ಇನ್ನೊಬ್ಬ ಡಾಕ್ಟರು ಹೇಳಿದರು: ಇಂಥ ಜ್ವರ ಮಕ್ಕಳು ಬೆಳೆದಂತೆ ತಾನಾಗಿಯೂ ನಿಲ್ಲುತ್ತದಂತೆ. ನನ್ನ ಮಗಳದು ಆಪರೇಷನ್ನಿಂದ ನಿಂತಿತೋ, ನಿಲ್ಲುವ ಕಾಲ ಬಂದು ನಿಂತಿತೋ, ನನಗೆ ಗೊತ್ತಿಲ್ಲ.