ಸುಬೇದಾರರ ನಲ್ಲಿ ನೀರು

ಭೋಜಪುರದ ಗುಡ್ಡದಲ್ಲಿ ಖುಕುರಿ ಎಂಬ ಬಾಗುಗತ್ತಿ ಮಾಡುವವರಿಗೆ ಬರವಿಲ್ಲ. ಆದರೆ ಕೋಣ ಕಡಿಯಲು ಎರಡು ಕೈಯಲ್ಲಿ ಹಿಡಿಯುವಂಥ ಖುಕುರಿ ಬೇಕೆಂದರೆ ಎಂಥವರೂ ಧನ್‌ರೂಪನ ಕುಲುಮೆಗೇ ಇಳಿಯಬೇಕು. ಇಳಿದವರು ಅಂಗಳದಲ್ಲೇ ನಿಲ್ಲುತ್ತಾರೆ, ಕುಡಿಯಲು ನೀರು ಕೇಳುವುದಿಲ್ಲ. ಧನ್‌ರೂಪ ಜಾತಿಯಲ್ಲಿ ಕಾಮಿ, ಅಂದರೆ ಕಮ್ಮಾರ. ಅವನು ಮುಟ್ಟಿದ ಕಬ್ಬಿಣ ದೇವಿಯ ಮುಂದೆ ಕೂರಬಹುದು, ಅವನು ಮುಟ್ಟಿದ ನೀರು ಮಾತ್ರ ನಮ್ಮ ಗಂಟಲಿಗೆ ಇಳಿಯಬಾರದು. ಕಾನೂನು ಇದನ್ನೆಲ್ಲ ಎಂದೋ ನಿಲ್ಲಿಸಿದೆಯಂತೆ. ನಮ್ಮ ಗುಡ್ಡ ಹತ್ತಲು ಕಾನೂನಿಗೂ ಏದುಸಿರು ಬರುತ್ತದೆ.

ನಾನು ಪೇಟೆಯಲ್ಲಿ ಅಂಗಡಿ ಇಟ್ಟಿರುವವನು. ಅವನ ಖುಕುರಿ ಮಾರಿಯೇ ಮನೆಗೆ ಹೊಸ ತಗಡು ಹಾಕಿಸಿದ್ದೇನೆ. ಬಂದಾಗಲೆಲ್ಲ ಅವನಿಗೆ ಚಹಾ ಕೊಡುತ್ತೇನೆ. ಕುಡಿದ ಲೋಟವನ್ನು ಅವನೇ ತೊಳೆದು ಬೋರಲು ಹಾಕಿ ಹೋಗುತ್ತಾನೆ. ತೊಳೆ ಎಂದು ನಾನು ಹೇಳಿಲ್ಲ. ಬೇಡ ಎಂದೂ ಹೇಳಿಲ್ಲ.

ಧನ್‌ರೂಪನಿಗೆ ಬೇಕಾಗಿದ್ದುದು ಒಂದು ನಲ್ಲಿ. ಮನೆ ಹಿಂದಿನ ಒರತೆಯಲ್ಲಿ ಜಿನುಗುವುದು ಕುಲುಮೆಗಷ್ಟೇ ಸಾಕು, ಕುಡಿಯಲು ಆಗದು. ಅವನ ಹೆಂಡತಿ ಸುಕಮಾಯಾ ದಿನಾ ಬೆಳಿಗ್ಗೆ ಮೇಲಿನ ಕೇರಿಯವರೆಗೆ ಹತ್ತಿ, ಯಾರಾದರೂ ನಲ್ಲಿ ತಿರುಗಿಸಿ ಕೊಡ ತುಂಬಿಸಿಕೊಡುವ ತನಕ ದೂರ ನಿಂತಿರಬೇಕಿತ್ತು. ಅವಳ ಮೊಣಕಾಲು ಸವೆದುಹೋಗಿತ್ತು. ನೀರಿನ ಸಮಿತಿಯ ಅಧ್ಯಕ್ಷರು ನಿವೃತ್ತ ಸುಬೇದಾರ್ ತೀರ್ಥ ಬಹಾದುರ್ ಬಸ್ನೆತ್. ಕೇಳಿದಾಗಲೆಲ್ಲ ನೋಡೋಣ ಎನ್ನುತ್ತ ನಾಲ್ಕು ವರ್ಷ ನೋಡಿದರು. ಈ ಸಲದ ದಸೈಂ, ಅಂದರೆ ದಸರೆ, ಹತ್ತಿರ ಬಂದಾಗ ಮಾತ್ರ ತಾವೇ ಇಳಿದು ಬಂದು, ನವಮಿಯ ಕೋಣಕ್ಕೆ ದೊಡ್ಡದೊಂದು ಖುಕುರಿ ಮಾಡಿಕೊಡು, ಒಂದೇ ಏಟಿಗೆ ತಲೆ ಬಿದ್ದರೆ ನಿನ್ನ ನಲ್ಲಿಯ ಮಾತಾಡೋಣ ಎಂದರು. ಎರಡನೇ ಏಟು ಬಿದ್ದರೆ ಊರಿಗೆ ವರ್ಷವಿಡೀ ಕೇಡು ಎಂಬುದು ನಮ್ಮ ನಂಬಿಕೆ.

ಜೊತೆಗೆ ಒಂದು ಷರತ್ತು. ಕಾದು ಕೆಂಪಾದ ಅಲಗಿನ ಬಾಯಿಗೆ ಕೆಟಲಿನ ಮೂತಿಯಿಂದ ಸಣ್ಣಗೆ ನೀರು ಹರಿಸಿ ಹದ ಹಾಕುವುದು ಇಲ್ಲಿಯ ಕ್ರಮ. ದೇವಿಯ ಆಯುಧ ಕಾಮಿಯ ನೀರು ಕುಡಿದರೆ ಹೇಗೆ? ಆದ್ದರಿಂದ ನೀರು ಸುಬೇದಾರರ ಮನೆಯ ನಲ್ಲಿಯದೇ ಆಗಬೇಕು, ಹೊಯ್ಯುವ ಕೈಯೂ ಅವರದೇ ಆಗಬೇಕು.

ಸೈನ್ಯದಲ್ಲಿ ಏನೇನೋ ಮಾಡಿದ ಕೈ ಅದು, ಹದ ಮಾತ್ರ ಹಾಕಿದ್ದಿಲ್ಲ. ಮೊದಲ ಅಲಗು ಟಣ್ ಎಂದು ಸೀಳಿಹೋಯಿತು. ಮೂರು ದಿನ ಬಡಿದು ಮಾಡಿದ ಎರಡನೆಯದೂ ಸೀಳಿಹೋಯಿತು. ಕಬ್ಬಿಣ ಸರಿಯಿಲ್ಲ ಎಂದು ಬೈದು ಹೋದ ಸುಬೇದಾರರು ಮೂರನೆಯ ಸಲಕ್ಕೆ ಬರಲಿಲ್ಲ, ತಾಮ್ರದ ಕೊಡದಲ್ಲಿ ನೀರನ್ನಷ್ಟೇ ಕಳಿಸಿದರು. ಅಂದು ನಾನು ನನ್ನ ಸರಕು ಒಯ್ಯಲು ಹೋಗಿದ್ದೆ. ಧನ್‌ರೂಪ ಕೊಡದೊಳಗೆ ಬೆರಳು ಅದ್ದಿ ನೋಡಿದ.

“ಕಾಡಿನ ಮೇಲಿಂದ ಇಳಿದ ನೀರು, ಮಂಜಿನ ಹಾಗಿದೆ. ಇದನ್ನ ಹೊಯ್ದ್ರೆ ಇದೂ ಹೋಯ್ತು” ಎಂದ.

ಆ ನೀರನ್ನು ಸುಕಮಾಯಾ ಕುಂಬಳದ ಬಳ್ಳಿಗೆ ಹಾಕಿದಳು. ಧನ್‌ರೂಪ ಅಷ್ಟು ತಣ್ಣಗಿಲ್ಲದ ತನ್ನ ಒರತೆಯ ನೀರನ್ನು ಮಸಿ ಹಿಡಿದ ಕೆಟಲಿಗೆ ತುಂಬಿ, ಅಲಗಿನ ಹೊಟ್ಟೆಗೆ ಹೆಚ್ಚು, ತುದಿಗೆ ಕಡಿಮೆ, ಉಸಿರು ಬಿಗಿಹಿಡಿದು ಹೊಯ್ದ. ಎರಡು ಹೆಜ್ಜೆ ದೂರದಲ್ಲಿ ನಿಂತು ನಾನು ಎಲ್ಲವನ್ನೂ ನೋಡಿದೆ.

ನವಮಿಯ ದಿನ ಒಂದೇ ಏಟಿಗೆ ಕೋಣದ ತಲೆ ಬಿತ್ತು. ಖುಕುರಿಗೆ ಹೂವು, ಅಕ್ಷತೆ, ಊರಿಗೆಲ್ಲ ಪ್ರಸಾದ. ನಾನೂ ತಿಂದೆ. ಹೊಗಳಿಕೆಯೆಲ್ಲ ಸುಬೇದಾರರ ನೀರಿಗೆ ಹೋಯಿತು. ಸಮಿತಿಯ ಸಭೆಯಲ್ಲಿ ಅವರು, ಇಷ್ಟು ಪವಿತ್ರವಾದ ನೀರನ್ನು ಕೆಳಗಿನ ಕೇರಿಗೆ ಹೇಗೆ ಬಿಡುವುದು ಎಂದು ನಿಜವಾದ ಸಂಕಟದಲ್ಲೇ ಕೇಳಿದರು.

ಧನ್‌ರೂಪ ಬಾಗಿಲಾಚೆಯಿಂದಲೇ ಎದ್ದು ನಿಂತ. “ಸುಬೇದಾರ್ ಸಾಹೇಬ್ರೇ, ಅದು ನಿಮ್ಮ ನೀರಲ್ಲ, ನನ್ನದು. ಸಾಹುಜಿ ಅಲ್ಲೇ ಇದ್ರು, ಕೇಳಿ.”

ಎಲ್ಲರೂ ನನ್ನತ್ತ ತಿರುಗಿದರು. ಹೌದು ಎಂದರೆ ಪ್ರಸಾದ ತಿಂದ ಇಡೀ ಊರು ಮೈಲಿಗೆ, ನನ್ನ ಅಂಗಡಿಗೆ ಯಾರು ಬರುತ್ತಾರೆ?

“ಹೊಗೆ ಇತ್ತಪ್ಪ. ನಂಗೆ ಸರಿಯಾಗಿ ಕಾಣ್ಲಿಲ್ಲ” ಎಂದೆ. ಹೇಳುವಾಗಲೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಧನ್‌ರೂಪ ನನ್ನನ್ನು ನೋಡಲೂ ಇಲ್ಲ. “ಆಗ್ಲಿ. ಮುಂದಿನ ವರ್ಷಾನೂ ಖುಕುರಿ ನನ್ನ ಕುಲುಮೆಯಿಂದ್ಲೇ ಬರ್ಬೇಕಲ್ಲ. ಮನೇಲಿ ಬೇರೆ ನೀರಿಲ್ಲ, ಇರೋದನ್ನೇ ಹೊಯ್ತೀನಿ” ಎಂದು ಕುಳಿತ.

ಸುಬೇದಾರರು ಮೀಸೆ ತೀಡಿದರು. ಆಮೇಲೆ ಇವನು ಸುಳ್ಳುಗಾರ ಎಂದು ಸಮಿತಿಯ ಪುಸ್ತಕದಲ್ಲಿ ಬರೆಸಿದರು. ಅದರ ಕೆಳಗೇ, ದೇವಿಯ ಆಯುಧದ ಶುದ್ಧಿಗಾಗಿ ಕುಲುಮೆಯ ಬಾಗಿಲಿಗೆ ತಮ್ಮ ನಲ್ಲಿಯ ಪೈಪು ಎಳೆಯಬೇಕೆಂದೂ ಬರೆಸಿದರು.

ತಿಂಗಳೊಳಗೆ ನಲ್ಲಿ ಬಂತು. ಸರಕಿಗೆಂದು ಹೋದಾಗ ಸುಕಮಾಯಾ ಅಂಗಳದಲ್ಲೇ ಕೂತು ಕೊಡ ತುಂಬಿಸುತ್ತಿದ್ದಳು. ಅವಳು ಕೂತು ನೀರು ಹಿಡಿಯುವುದನ್ನು ನಾನು ನೋಡಿದ್ದು ಅದೇ ಮೊದಲು, ಸಂತೋಷವಾಯಿತು. ಧನ್‌ರೂಪ ಹಬೆಯಾಡುವ ಲೋಟವೊಂದನ್ನು ನನ್ನ ಮುಂದೆ ಹಿಡಿದ.

“ಸುಬೇದಾರರ ನಲ್ಲಿ ನೀರಿನ ಚಾ, ಸಾಹುಜಿ. ಇವತ್ತು ಹೊಗೇನೂ ಇಲ್ಲ. ಕುಡೀರಿ.”

ಅಂಗಡಿ ತೆರೆದಿಟ್ಟೇ ಬಂದಿದ್ದೇನೆ, ಇನ್ನೊಂದು ದಿನ ಕುಡಿದರಾಯಿತು ಎಂದು ಹೇಳಿ ಖುಕುರಿಯ ಮೂಟೆ ಹೊತ್ತು ಗುಡ್ಡ ಹತ್ತಿದೆ.